ಹಿರಿಯರ ಆರೋಗ್ಯ ದಾಖಲೆ ಹಿರಿಯರ ಕೈಯಲ್ಲೇ: ಮೊಬೈಲ್‌ನಲ್ಲಿ ನೋಡಲು ಕಲಿಸುವ ಸಮಗ್ರ ಮಾರ್ಗದರ್ಶಿ

ನನ್ನ ತಾಯಿಯ ಚೀಟಿ, ರಿಪೋರ್ಟು, ಇಸಿಜಿ ಕಾಗದಗಳೆಲ್ಲ ಹದಿನಾರು ವರ್ಷಗಳಿಂದ ಒಂದು ಬಟ್ಟೆಯ ಚೀಲದಲ್ಲಿ ಇರುತ್ತಿದ್ದವು. ಅವರಿಗೆ ಎದೆನೋವು ಕಾಣಿಸಿಕೊಂಡ ದಿನ ವಿಜಯಪುರದ ವೈದ್ಯರೊಬ್ಬರು ಹಳೆಯ ಇಸಿಜಿ ಇದೆಯೇ ಎಂದು ಕೇಳಿದರು. ಇತ್ತು, ಆದರೆ ಚೀಲದಿಂದ ತೆಗೆದ ಕಾಗದದ ಮೇಲೆ ಗೆರೆಗಳು ಉಳಿದಿರಲಿಲ್ಲ. ಇಸಿಜಿಯನ್ನು ಶಾಯಿಯಿಂದಲ್ಲ, ಶಾಖದಿಂದ ಅಚ್ಚೊತ್ತುತ್ತಾರೆ, ಮತ್ತು ಆ ಬಗೆಯ ಕಾಗದ ನಮ್ಮ ಕಡೆಯ ಬೇಸಿಗೆಯಲ್ಲಿ ಕೆಲವೇ ವರ್ಷಗಳಿಗೆ ಮಾಸಿ ಹೋಗುತ್ತದೆ. ಹೃದಯದಲ್ಲಿ ಕಂಡ ಬದಲಾವಣೆ ಈಗಿನದೋ ಹಳೆಯದೋ ಎಂದು ತಿಳಿಯಲು ಬೇಕಿದ್ದ ಏಕೈಕ ಆಧಾರ ಹೀಗೆ ಬಿಳಿಯ ಹಾಳೆಯಾಗಿತ್ತು. ತಾಯಿಗೆ ಅವರ ದಾಖಲೆಗಳನ್ನು ಮೊಬೈಲ್‌ನಲ್ಲಿ ಇಟ್ಟುಕೊಳ್ಳಲು, ನೋಡಲು, ತೋರಿಸಲು ಕಲಿಸಬೇಕು ಎಂದು ನಿರ್ಧರಿಸಿದ್ದು ಅಂದೇ. ಆಮೇಲೆ ನಮ್ಮ ಓಣಿಯ ಹಲವು ಹಿರಿಯರಿಗೂ ಕಲಿಸಿದ್ದೇನೆ. ಸರ್ಕಾರದ ಆಭಾ ಆರೋಗ್ಯ ಖಾತೆಯ ಆ್ಯಪ್ ಬಳಸಿ ಮಾಡಿದ ಆ ಕೆಲಸದಲ್ಲಿ ಕಂಡುಕೊಂಡ ಕ್ರಮವನ್ನು, ಮನೆಯಲ್ಲಿ ಅಥವಾ ಓಣಿಯಲ್ಲಿ ಹಿರಿಯರಿಗೆ ಕಲಿಸಲು ಹೊರಟವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಯಾವ ಹಿರಿಯರೂ ಆ್ಯಪ್ ಕಲಿಯಬೇಕೆಂದು ನಮ್ಮ ಹತ್ತಿರ ಬರುವುದಿಲ್ಲ. ಹೋದ ಸಲ ಸಕ್ಕರೆ ಎಷ್ಟಿತ್ತು, ಮಿರಜಿನ ವೈದ್ಯರು ಯಾವ ಗುಳಿಗೆ ನಿಲ್ಲಿಸಿದರು, ಕಣ್ಣಿನ ಆಪರೇಷನ್ ಎಡಗಣ್ಣಿಗೆ ಆದದ್ದು ಯಾವ ವರ್ಷ ಎಂಬಂಥ ತಮ್ಮದೇ ಪ್ರಶ್ನೆಯೊಂದು ಅವರಿಗಿರುತ್ತದೆ. ಅದನ್ನು ಕೇಳಿ ತಿಳಿದುಕೊಂಡು, ಅದಕ್ಕೆ ಉತ್ತರ ಹುಡುಕುವ ದಾರಿಯಾಗಿ ಮಾತ್ರ ಮೊಬೈಲನ್ನು ಕಲಿಸಿದರೆ ಅವರು ಕಲಿಯುತ್ತಾರೆ. ಆ್ಯಪ್‌ನ ಮೂಲೆಮೂಲೆಯನ್ನೂ ತೋರಿಸಲು ಹೊರಟರೆ ಹತ್ತು ನಿಮಿಷದಲ್ಲಿ "ನನಗಿದು ತಿಳಿಯಾಂಗಿಲ್ಲ, ತಗೋಪಾ" ಎಂದು ಫೋನನ್ನು ನಮ್ಮ ಕೈಗೇ ಕೊಡುತ್ತಾರೆ.

ಚೀಲದಿಂದ ಆರಂಭಿಸಿ

ಮೊದಲ ದಿನ ಫೋನು ಮುಟ್ಟಬೇಡಿ. ಹಿರಿಯರ ಜೊತೆ ಕುಳಿತು ಚೀಲದಲ್ಲಿರುವ ಕಾಗದಗಳನ್ನು ಹೊರಗೆ ಹಾಕಿ, ದಿನಾಂಕದ ಪ್ರಕಾರ ಜೋಡಿಸಿ. ಔಷಧ ಅಂಗಡಿಯ ಹಳೆಯ ಬಿಲ್ಲುಗಳು, ಒಂದೇ ರಿಪೋರ್ಟಿನ ನಾಲ್ಕು ಝೆರಾಕ್ಸ್ ಪ್ರತಿಗಳು ಬೇರೆಯಾದ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಂದು ತೆಳು ಫೈಲು ಮಾತ್ರ. ಅದರಲ್ಲಿ ಆಸ್ಪತ್ರೆಯಿಂದ ಬಿಡುಗಡೆಯಾದಾಗ ಕೊಟ್ಟ ಸಾರಾಂಶ ಪತ್ರ, ಈಗ ನುಂಗುತ್ತಿರುವ ಗುಳಿಗೆಗಳ ಚೀಟಿ, ಇತ್ತೀಚಿನ ರಕ್ತ ಪರೀಕ್ಷೆ, ಇಸಿಜಿ, ಸ್ಕ್ಯಾನಿಂಗ್ ವರದಿ, ಯಾವುದಾದರೂ ಔಷಧ ಒಗ್ಗದೆ ಮೈಮೇಲೆ ಗುಳ್ಳೆ ಎದ್ದಿದ್ದರೆ ಅದರ ವಿವರ, ಇಷ್ಟಿದ್ದರೆ ಸಾಕು. ಇಸಿಜಿ ಇದ್ದರೆ ಅದರ ಫೋಟೊವನ್ನು ಅಂದೇ ತೆಗೆಯಿರಿ, ಏಕೆಂದರೆ ಮಾಸುವುದು ಮೊದಲು ಅದೇ. ಹಗಲಿನ ಬೆಳಕಿನಲ್ಲಿ, ಕಾಗದವನ್ನು ನೆಲದ ಮೇಲೆ ಚಪ್ಪಟೆಯಾಗಿ ಹರಡಿ, ಕೈಯ ನೆರಳು ಬೀಳದಂತೆ, ನಾಲ್ಕೂ ಮೂಲೆಗಳು ಕಾಣುವಂತೆ ತೆಗೆಯಬೇಕು. ರೋಗಿಯ ಹೆಸರು ಮತ್ತು ದಿನಾಂಕ ಕಾಣದ ಫೋಟೊ ವೈದ್ಯರ ಉಪಯೋಗಕ್ಕೆ ಬರುವುದಿಲ್ಲ.

ಈ ಜೋಡಣೆಯ ಹೊತ್ತಿನಲ್ಲಿ ಹಿರಿಯರು ತಮ್ಮ ಕಾಯಿಲೆಯ ಕಥೆಯನ್ನು ತಾವಾಗಿಯೇ ಹೇಳುತ್ತಾರೆ. ಅದನ್ನು ಅವಸರಿಸದೆ ಕೇಳಿ. ಕಲಿಕೆಯನ್ನು ಯಾವ ಪ್ರಶ್ನೆಯಿಂದ ಆರಂಭಿಸಬೇಕು ಎಂಬುದು ನಿಮಗೆ ಆ ಮಾತಿನಲ್ಲಿಯೇ ಸಿಗುತ್ತದೆ.

ಆಭಾ ಎಂದರೆ ಏನು

ಕೇಂದ್ರ ಸರ್ಕಾರ 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭಿಸಿದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಅಡಿಯಲ್ಲಿ ಪ್ರತಿಯೊಬ್ಬರೂ ಪಡೆಯಬಹುದಾದ 14 ಅಂಕಿಗಳ ಆರೋಗ್ಯ ಖಾತೆ ಸಂಖ್ಯೆಗೆ ಆಭಾ (ಆಯುಷ್ಮಾನ್ ಭಾರತ್ ಹೆಲ್ತ್ ಅಕೌಂಟ್) ಎನ್ನುತ್ತಾರೆ. ಇದನ್ನು ನಡೆಸುವುದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ. ಸಂಖ್ಯೆಯ ಜೊತೆಗೆ, ಇಮೇಲ್ ವಿಳಾಸದಂತೆ ಕಾಣುವ ಆಭಾ ವಿಳಾಸವೊಂದೂ ಇರುತ್ತದೆ. ದಾಖಲೆಗಳನ್ನು ಜೋಡಿಸುವುದು ಮತ್ತು ಹಂಚಿಕೊಳ್ಳುವುದು ಆ ವಿಳಾಸದ ಮೂಲಕ. ಮಾಡಿಸಲು ಹಣ ಕೊಡಬೇಕಾಗಿಲ್ಲ, ಮಾಡಿಸಲೇಬೇಕೆಂಬ ಕಡ್ಡಾಯವೂ ಇಲ್ಲ. ಇದು ಇಲ್ಲವೆಂಬ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವಂತಿಲ್ಲ ಎಂಬುದನ್ನು ಹಿರಿಯರಿಗೆ ಮೊದಲೇ ಹೇಳಿ.

ಇಲ್ಲಿ ಬಹುತೇಕರಿಗೆ ಒಂದು ಗೊಂದಲವಾಗುತ್ತದೆ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಕಾರ್ಡು ಚಿಕಿತ್ಸೆಯ ವೆಚ್ಚಕ್ಕೆ ಸಂಬಂಧಿಸಿದ್ದು. ಬಡತನ ರೇಖೆಗಿಂತ ಕೆಳಗಿರುವ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ನೆರವು ಸಿಗುವುದು ಅದರಿಂದ. ಆಭಾ ದಾಖಲೆಗೆ ಸಂಬಂಧಿಸಿದ್ದು. ಅದರಿಂದ ಹಣ ಸಿಗುವುದಿಲ್ಲ. ಎರಡೂ ಕಾರ್ಡುಗಳ ಹೆಸರಿನಲ್ಲಿ ಆಯುಷ್ಮಾನ್ ಇರುವುದರಿಂದ, ಆಭಾ ಕಾರ್ಡನ್ನು ಹಿಡಿದು ಆಪರೇಷನ್ ಬಿಲ್ಲಿನ ಕಿಟಕಿಗೆ ಹೋಗಿ ಬರಿಗೈಯಲ್ಲಿ ಮರಳಿದವರನ್ನು ನಾನು ಕಂಡಿದ್ದೇನೆ. ನಾನು ಹಿರಿಯರಿಗೆ "ಅದು ರೊಕ್ಕದ ಕಾರ್ಡು, ಇದು ರಿಪೋರ್ಟಿನ ಕಾರ್ಡು" ಎಂದು ಹೇಳುತ್ತೇನೆ. ಇದಕ್ಕಿಂತ ಹೆಚ್ಚಿನ ವಿವರಣೆ ಯಾರಿಗೂ ಬೇಕಾಗಿಲ್ಲ.

ನಮ್ಮ ಭಾಗದವರಿಗೆ ಇದರ ಉಪಯೋಗ ಉಳಿದವರಿಗಿಂತ ಹೆಚ್ಚು ಎಂದು ನನ್ನ ಅಭಿಪ್ರಾಯ. ಇಂಡಿ ಊರಿನ ರೋಗಿ ಸೋಲಾಪುರಕ್ಕೆ ಹೋಗುತ್ತಾರೆ, ಅಥಣಿಯವರು ಮಿರಜಿಗೆ ಹೋಗುತ್ತಾರೆ, ಮಕ್ಕಳು ಪುಣೆಯಲ್ಲೋ ಬೆಂಗಳೂರಿನಲ್ಲೋ ಇದ್ದರೆ ಅಲ್ಲಿಯೂ ತೋರಿಸುತ್ತಾರೆ. ಆಭಾ ಇಡೀ ದೇಶಕ್ಕೆ ಒಂದೇ ಆದ್ದರಿಂದ, ಈ ವ್ಯವಸ್ಥೆಗೆ ಸೇರಿದ ಆಸ್ಪತ್ರೆ ಯಾವ ರಾಜ್ಯದ್ದಾದರೂ ಅಲ್ಲಿನ ದಾಖಲೆಯನ್ನು ಅದೇ ಖಾತೆಗೆ ಜೋಡಿಸಿಕೊಳ್ಳಬಹುದು. ಆದರೆ ಎಲ್ಲ ಆಸ್ಪತ್ರೆ, ಎಲ್ಲ ಲ್ಯಾಬ್‌ಗಳು ಇನ್ನೂ ಸೇರಿಲ್ಲ; ಹಾಗಾಗಿ ಕಾಗದದ ಫೈಲನ್ನು ಎಸೆಯುವ ಮಾತು ಬೇಡ.

ಖಾತೆ ತೆರೆಯುವ ಮೊದಲು ಮೊಬೈಲ್ ಸಂಖ್ಯೆ

ಆಭಾ ಸಂಖ್ಯೆಯನ್ನು ಸಾಮಾನ್ಯವಾಗಿ ಆಧಾರ್ ಮೂಲಕ ಮಾಡುತ್ತೇವೆ, ಮತ್ತು ಅದಕ್ಕೆ ಬೇಕಾದ ಒಟಿಪಿ ಆಧಾರ್‌ಗೆ ಜೋಡಿಸಿದ ಮೊಬೈಲಿಗೇ ಬರುತ್ತದೆ. ಅರ್ಧ ಹಿರಿಯರ ಕೆಲಸ ನಿಲ್ಲುವುದು ಇಲ್ಲಿಯೇ. ಆಧಾರ್ ಮಾಡಿಸಿದ ಕಾಲದಲ್ಲಿ ಕೊಟ್ಟ ಸಿಮ್ ಈಗ ಬಂದ್ ಆಗಿರುತ್ತದೆ, ಅಥವಾ ಗೋವಾಕ್ಕೆ ದುಡಿಯಲು ಹೋದ ಮಗನ ಹತ್ತಿರ ಇರುತ್ತದೆ. ಆಧಾರ್ ಕೇಂದ್ರಕ್ಕೆ ಹೋಗಿ ಸಂಖ್ಯೆ ಬದಲಿಸಿಕೊಂಡು ಬರುವುದು ಒಂದು ಪ್ರತ್ಯೇಕ ದಿನದ ಕೆಲಸ. ಅದನ್ನು ಕಲಿಕೆಯ ದಿನದ ಜೊತೆ ಸೇರಿಸಬೇಡಿ.

ಹೊಲದಲ್ಲಿ ದುಡಿದವರ, ಇಳಕಲ್, ಗುಳೇದಗುಡ್ಡ, ಬನಹಟ್ಟಿಗಳಲ್ಲಿ ಮಗ್ಗ ನಡೆಸಿದವರ ಬೆರಳಚ್ಚು ಸವೆದು ಯಂತ್ರ ಗುರುತಿಸದೆ ಇರಬಹುದು. ಅಂಥ ಸಂದರ್ಭದಲ್ಲಿ ಕಣ್ಣಿನ ಪಾಪೆಯ ಗುರುತು ತೆಗೆದುಕೊಳ್ಳುವಂತೆ ಕೇಂದ್ರದವರನ್ನು ಕೇಳಬಹುದು. ಬೆರಳು ಹೊಂದದಿರುವುದು ತಮ್ಮದೇ ತಪ್ಪೆಂಬಂತೆ ಹಿರಿಯರು ತಲೆ ತಗ್ಗಿಸುತ್ತಾರೆ. ದುಡಿದ ಕೈಗೆ ಹಾಗಾಗುವುದು ಸಹಜ ಎಂದು ಅವರಿಗೆ ಆಗಲೇ ಹೇಳಬೇಕು.

ಸ್ವಂತ ಫೋನು ಇಲ್ಲದವರಿಗೆ ಮನೆಯ ಒಬ್ಬರ ಸಂಖ್ಯೆಯನ್ನೇ ಆಭಾ ಖಾತೆಗೆ ಕೊಡಬಹುದು. ಒಂದೇ ಮೊಬೈಲಿನಲ್ಲಿ ಮನೆಯ ಒಬ್ಬರಿಗಿಂತ ಹೆಚ್ಚು ಜನರ ಖಾತೆ ಇರಲು ಅಡ್ಡಿಯಿಲ್ಲ. ಯಾರ ಸಂಖ್ಯೆ ಕೊಡಬೇಕು ಎಂಬುದನ್ನು ಮಾತ್ರ ಹಿರಿಯರೇ ಹೇಳಲಿ. ತಮ್ಮ ಕಾಯಿಲೆ ಮಗಳಿಗೆ ತಿಳಿಯಲಿ, ಸೊಸೆಗೆ ಬೇಡ ಎಂದು ಒಬ್ಬರು, ಅದಕ್ಕೆ ವಿರುದ್ಧವಾಗಿ ಇನ್ನೊಬ್ಬರು ಬಯಸಬಹುದು. ಆ ಬಯಕೆಗೆ ಕಾರಣ ಕೇಳುವ ಅಗತ್ಯ ನಮಗಿಲ್ಲ.

ಫೋನನ್ನು ಹಿರಿಯರಿಗೆ ಹೊಂದಿಸಿ

ಅಕ್ಷರದ ಗಾತ್ರವನ್ನು ಸೆಟ್ಟಿಂಗ್ಸ್‌ನಲ್ಲಿ ದೊಡ್ಡದು ಮಾಡಿ, ಪರದೆಯ ಬೆಳಕು ಹೆಚ್ಚಿಸಿ, ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಲೇ ಎಂದು ಕೇಳಿ. ಎಲ್ಲರಿಗೂ ಕನ್ನಡವೇ ಸುಲಭವಾಗುತ್ತದೆ ಎಂದುಕೊಳ್ಳಬೇಡಿ: ವರ್ಷಗಳಿಂದ ಇಂಗ್ಲಿಷ್ ಪರದೆಯ ಚಿತ್ರಗಳ ಜಾಗ ನೋಡಿಯೇ ಫೋನು ನಡೆಸಿದವರಿಗೆ ಭಾಷೆ ಬದಲಾದರೆ ಎಲ್ಲವೂ ಹೊಸದಾಗಿ ಕಾಣುತ್ತದೆ. ಕೈ ನಡುಗುವವರಿಗೆ, ಸುಲಭ ಬಳಕೆಯ ಸೆಟ್ಟಿಂಗ್ಸ್‌ನಲ್ಲಿ ಒತ್ತಿ ಹಿಡಿಯುವ ಅವಧಿಯನ್ನು ಉದ್ದ ಮಾಡಬಹುದು. ಬೆರಳು ತೀರ ಒಣಗಿದ್ದರೆ ಪರದೆ ಸ್ಪರ್ಶವನ್ನು ಗುರುತಿಸುವುದಿಲ್ಲ. ಒದ್ದೆ ಬಟ್ಟೆಯಿಂದ ಬೆರಳ ತುದಿಯನ್ನು ಒರೆಸಿಕೊಂಡರೆ ಕೆಲಸವಾಗುತ್ತದೆ. ಚಸ್ಮಾ ಹತ್ತಿರವಿದೆಯೇ ಎಂದು ನೋಡುವುದು ಬಹಳ ಸಣ್ಣ ವಿಷಯ, ಆದರೆ ಎಷ್ಟೋ ಸಲ ತೊಂದರೆ ಇದ್ದದ್ದು ಅಲ್ಲಿಯೇ.

ಕಲಿಸುವ ಕ್ರಮ

ಪ್ಲೇ ಸ್ಟೋರಿನಿಂದ ಆಭಾ ಆ್ಯಪ್ ಹಾಕಿಕೊಳ್ಳುವಾಗ ಅದನ್ನು ಹೊರತಂದಿರುವುದು ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವೇ ಎಂದು ಹೆಸರು ನೋಡಿ ಖಚಿತಪಡಿಸಿಕೊಳ್ಳಿ. ಈಗಾಗಲೇ ಡಿಜಿಲಾಕರ್ ಬಳಸುತ್ತಿರುವವರು ಅದರೊಳಗೂ ಆಭಾ ಸಂಖ್ಯೆ ಪಡೆಯಬಹುದು. ಆ್ಯಪ್ ಹಾಕುವುದು, ಖಾತೆ ತೆರೆಯುವುದು ಜೀವನದಲ್ಲಿ ಒಮ್ಮೆ ಮಾಡುವ ಕೆಲಸವಾದ್ದರಿಂದ ಅದನ್ನು ಹಿರಿಯರ ಎದುರಿನಲ್ಲಿ, ಅವರಿಗೆ ಹೇಳುತ್ತ, ನೀವು ಮಾಡಿದರೂ ನಡೆಯುತ್ತದೆ. ಪದೇ ಪದೇ ಮಾಡಬೇಕಾದದ್ದನ್ನು ಮಾತ್ರ ಅವರ ಬೆರಳೇ ಮಾಡಬೇಕು.

ಫೋನನ್ನು ಅವರ ಕೈಯಲ್ಲಿ ಅಥವಾ ಅವರ ಮುಂದಿನ ಮಣೆಯ ಮೇಲೆ ಇಡಿ. ನೀವು ಎದುರಿಗಲ್ಲ, ಪಕ್ಕದಲ್ಲಿ ಕುಳಿತುಕೊಳ್ಳಿ. ಎದುರು ಕುಳಿತರೆ ನೀವು ತೋರಿಸುವ ಎಡ ಅವರಿಗೆ ಬಲವಾಗುತ್ತದೆ. ಬಳಿಕ ನಿಮ್ಮ ಕೈಗಳನ್ನು ಮಡಿಲಲ್ಲಿ ಇಟ್ಟುಕೊಳ್ಳಿ. ಈ ಇಡೀ ಮಾರ್ಗದರ್ಶಿಯಲ್ಲಿ ಕಠಿಣವಾದ ಹೆಜ್ಜೆ ಇದೇ ಎಂದು ನಾನು ನಂಬುತ್ತೇನೆ. ಅವರು ತಪ್ಪು ಒತ್ತಿದ ಕ್ಷಣ ನಮ್ಮ ಬೆರಳು ತಾನಾಗಿಯೇ ಮುಂದಕ್ಕೆ ಹೋಗುತ್ತದೆ, ನಾವು ಎರಡು ಸೆಕೆಂಡಿನಲ್ಲಿ ಸರಿಪಡಿಸಿಬಿಡುತ್ತೇವೆ, ಮತ್ತು ಅವರು ಏನನ್ನೂ ಕಲಿತಿರುವುದಿಲ್ಲ. "ಮುತ್ಯಾ, ನೀವ ಒತ್ರಿ, ನಾ ಇಲ್ಲೇ ಕುಂತೀನಿ, ಏನೂ ಕೆಡಾಂಗಿಲ್ಲ" ಎಂದು ಹೇಳಿ ಕಾಯಬೇಕು. ತಪ್ಪು ಪುಟಕ್ಕೆ ಹೋದರೆ ಹಿಂದಕ್ಕೆ ಬರುವುದು ಹೇಗೆ ಎಂಬುದನ್ನೇ ಮೊದಲ ಪಾಠವಾಗಿ ಕಲಿಸಿ, ಏಕೆಂದರೆ ಮರಳುವ ದಾರಿ ಗೊತ್ತಿದ್ದವರು ಮುಂದೆ ಹೋಗಲು ಅಂಜುವುದಿಲ್ಲ.

ಮೊದಲ ಕೂಟದಲ್ಲಿ ಫೋನು ತೆರೆದು, ಆ್ಯಪ್ ಗುರುತಿಸಿ, ಒಂದು ರಿಪೋರ್ಟ್ ತೆರೆದು, ಎರಡು ಬೆರಳುಗಳಿಂದ ಅದನ್ನು ಹಿಗ್ಗಿಸಿ ಓದಿ, ಮುಚ್ಚುವುದಷ್ಟೇ ಇರಲಿ. ಇದಕ್ಕೆ ಇಪ್ಪತ್ತು ನಿಮಿಷ ಸಾಕು. ದಣಿವು ಕಂಡರೆ ಅದಕ್ಕೂ ಮೊದಲೇ ನಿಲ್ಲಿಸಿ. ಮೂರು ದಿನ ಬಿಟ್ಟು ಅದನ್ನೇ ಮತ್ತೆ ಮಾಡಿಸಿ. ಒಟಿಪಿಯ ಅಭ್ಯಾಸಕ್ಕೆ ಒಂದು ಪ್ರತ್ಯೇಕ ಕೂಟ ಬೇಕು, ಯಾಕೆಂದರೆ ಸಂದೇಶ ಮೇಲಿನಿಂದ ಇಳಿದು ಕ್ಷಣದಲ್ಲಿ ಮಾಯವಾಗುವುದು ಹಿರಿಯರನ್ನು ಬಹಳ ಗಾಬರಿಗೊಳಿಸುತ್ತದೆ. ಸಂದೇಶಗಳ ಪೆಟ್ಟಿಗೆಗೆ ಹೋಗಿ ಸಂಖ್ಯೆಯನ್ನು ಕಾಗದದ ಮೇಲೆ ಬರೆದುಕೊಂಡು ಬಂದು ಒತ್ತಲು ಕಲಿಸಿ, ಬಳಸಿದ ಕೂಡಲೆ ಆ ಕಾಗದವನ್ನು ಹರಿದುಹಾಕಲು ಹೇಳಿ. ವೇಳೆ ಮೀರಿದರೆ ಇನ್ನೊಂದು ಒಟಿಪಿ ತರಿಸಿಕೊಳ್ಳಬಹುದು ಎಂಬುದು ಗೊತ್ತಾದರೆ ಗಾಬರಿ ಅರ್ಧಕ್ಕರ್ಧ ಇಳಿಯುತ್ತದೆ.

ಹೆಜ್ಜೆಗಳನ್ನು ಒಂದು ಹಾಳೆಯ ಮೇಲೆ ದಪ್ಪ ಅಕ್ಷರಗಳಲ್ಲಿ, ಹಿರಿಯರೇ ಹೇಳಿದ ಮಾತುಗಳಲ್ಲಿ ಬರೆದುಕೊಡಿ. ನಮ್ಮ ಪಕ್ಕದ ಮನೆಯ ಆಯಿಯೊಬ್ಬರು ದಾಖಲೆಗಳ ಗುರುತನ್ನು ಹಾಳೆಯ ಗುರುತು ಎನ್ನುತ್ತಾರೆ. ಅವರ ಹಾಳೆಯಲ್ಲಿ ನಾನು ಬರೆದಿರುವುದೂ ಅದನ್ನೇ. ಓದಲು ಬಾರದವರಿಗೆ ಚಿತ್ರ ಬಿಡಿಸಿಕೊಡಿ. ಆ ಹಾಳೆಯ ಮೇಲೆ ಪಾಸ್‌ವರ್ಡ್ ಬರೆಯಬೇಡಿ.

ದಾಖಲೆ ಜೋಡಿಸುವಾಗ ಹೆಸರಿನ ತೊಡಕು

ಖಾತೆ ತೆರೆದ ಕೂಡಲೆ ಹಳೆಯ ರಿಪೋರ್ಟುಗಳೆಲ್ಲ ತಾವಾಗಿ ಬಂದು ಕೂರುವುದಿಲ್ಲ. ದಾಖಲೆಗಳು ಒಂದೇ ಕೇಂದ್ರ ಉಗ್ರಾಣದಲ್ಲಿ ಇಲ್ಲ; ಅವು ಆಯಾ ಆಸ್ಪತ್ರೆಯ ಕಂಪ್ಯೂಟರಿನಲ್ಲಿಯೇ ಇರುತ್ತವೆ, ರೋಗಿಯ ಒಪ್ಪಿಗೆಯ ಮೇಲೆ ಮಾತ್ರ ಅಲ್ಲಿಂದ ಕಾಣುತ್ತವೆ. ಆದ್ದರಿಂದ ಆ್ಯಪ್‌ನಲ್ಲಿ ಆಸ್ಪತ್ರೆಯ ಹೆಸರನ್ನು ಹುಡುಕಿ, ಅಲ್ಲಿ ತಮ್ಮ ದಾಖಲೆ ಇದೆಯೇ ಎಂದು ಕೇಳಿ, ಸಿಕ್ಕರೆ ಒಟಿಪಿ ಕೊಟ್ಟು ಜೋಡಿಸಿಕೊಳ್ಳಬೇಕು.

ಈ ಹುಡುಕಾಟ ಮೊಬೈಲ್ ಸಂಖ್ಯೆ, ಹೆಸರು, ಲಿಂಗ, ಹುಟ್ಟಿದ ವರ್ಷಗಳನ್ನು ತಾಳೆ ನೋಡುತ್ತದೆ. ನಮ್ಮ ಜಿಲ್ಲೆಗಳಲ್ಲಿ ತಾಳೆಯಾಗದಿರುವುದೇ ಹೆಚ್ಚು. ಆಧಾರ್‌ನಲ್ಲಿ ಶಾಂತಾಬಾಯಿ ಎಂದಿರುವವರು ದವಾಖಾನೆಯ ಕಿಟಕಿಯಲ್ಲಿ ಶಾಂತವ್ವ ಎನ್ನುತ್ತಾರೆ. ಒಂದು ಕಡೆ ಗಂಡನ ಹೆಸರು ಸೇರಿದ್ದರೆ ಇನ್ನೊಂದು ಕಡೆ ಮನೆತನದ ಅಡ್ಡಹೆಸರು ಇರುತ್ತದೆ. ವಯಸ್ಸು ಕೇಳಿದರೆ ಅಂದಾಜಿನಲ್ಲಿ ಅರವತ್ತೈದು ಎನ್ನುತ್ತಾರೆ, ಮುಂದಿನ ವರ್ಷವೂ ಅದನ್ನೇ ಹೇಳುತ್ತಾರೆ. ನನ್ನ ತಾಯಿಯ ವಿಷಯದಲ್ಲಿಯೂ ಒಂದು ದವಾಖಾನೆಯವರು ಹುಟ್ಟಿದ ವರ್ಷವನ್ನು ಒಂಬತ್ತು ವರ್ಷ ಹಿಂದಕ್ಕೆ ಬರೆದುಕೊಂಡಿದ್ದರಿಂದ ಅವರ ದಾಖಲೆ ಇದ್ದೂ ಸಿಗಲಿಲ್ಲ. ಮೂರು ಸಲ ನೋಂದಣಿ ಕಿಟಕಿಗೆ ಹೋಗಿ ತಿದ್ದಿಸಬೇಕಾಯಿತು.

ಇದಕ್ಕೆ ಸುಲಭ ಪರಿಹಾರ ಮುಂದಿನ ಭೇಟಿಯಲ್ಲಿದೆ. ನೋಂದಣಿಯ ಕಿಟಕಿಯ ಬಳಿ ಕ್ಯೂಆರ್ ಚಿತ್ರ ಅಂಟಿಸಿರುವ ಆಸ್ಪತ್ರೆಗಳಲ್ಲಿ ಆಭಾ ಆ್ಯಪ್‌ನಿಂದ ಅದನ್ನು ಸ್ಕ್ಯಾನ್ ಮಾಡಿದರೆ, ಖಾತೆಯಲ್ಲಿರುವ ಹೆಸರು, ವಯಸ್ಸು, ವಿಳಾಸ ನೇರವಾಗಿ ಆಸ್ಪತ್ರೆಗೆ ಹೋಗಿ, ಟೋಕನ್ ಸಂಖ್ಯೆ ಫೋನಿಗೆ ಬರುತ್ತದೆ. ಬಾಯಿಂದ ಹೇಳುವುದು, ಅವಸರದಲ್ಲಿ ಬರೆದುಕೊಳ್ಳುವುದು ಎರಡೂ ತಪ್ಪುವುದರಿಂದ ಹೆಸರು ಹೆಚ್ಚುಕಡಿಮೆಯಾಗುವುದಿಲ್ಲ. ಸಾಲಿನಲ್ಲಿ ನಿಂತು ಮೊದಲ ಬಾರಿಗೆ ಇದನ್ನು ಪ್ರಯತ್ನಿಸಲು ಹಿರಿಯರಿಗೆ ಹೇಳಬೇಡಿ. ಸಂಜೆ ಜನ ಕಡಿಮೆ ಇರುವಾಗ ಒಮ್ಮೆ ಕರೆದುಕೊಂಡು ಹೋಗಿ ಅದು ಎಲ್ಲಿದೆ ಎಂದು ತೋರಿಸಿ ಬನ್ನಿ. ಸ್ಮಾರ್ಟ್‌ಫೋನ್ ಇಲ್ಲದವರು ಆಭಾ ಸಂಖ್ಯೆ ಬರೆದ ಕಾರ್ಡನ್ನು ಕಿಟಕಿಯಲ್ಲಿ ತೋರಿಸಬಹುದು.

ಈ ವ್ಯವಸ್ಥೆಗೆ ಸೇರದ ಲ್ಯಾಬ್‌ಗಳು ರಿಪೋರ್ಟನ್ನು ವಾಟ್ಸ್‌ಆ್ಯಪ್‌ನಲ್ಲಿ ಪಿಡಿಎಫ್ ಆಗಿ ಕಳಿಸುತ್ತವೆ. ಅದನ್ನು, ಮತ್ತು ಮೊದಲ ದಿನ ತೆಗೆದ ಫೋಟೊಗಳನ್ನು, ದಾಖಲೆ ಸೇರಿಸುವ ಸೌಲಭ್ಯ ಬಳಸಿ ಆ್ಯಪ್‌ಗೆ ಹಾಕಬಹುದು. ವಾಟ್ಸ್‌ಆ್ಯಪ್‌ನಲ್ಲಿಯೇ ಬಿಟ್ಟರೆ ಫೋನು ಬದಲಾದ ದಿನ ಅದು ಹೋಗಿಬಿಡಬಹುದು.

ಒಪ್ಪಿಗೆ ಕೇಳಿ ಬರುವ ಸಂದೇಶ

ಹೊಸ ವೈದ್ಯರು ಹಳೆಯ ದಾಖಲೆ ನೋಡಬಯಸಿದರೆ ಆ್ಯಪ್‌ಗೆ ಒಂದು ಕೋರಿಕೆ ಬರುತ್ತದೆ. ಯಾರು ಕೇಳುತ್ತಿದ್ದಾರೆ, ಯಾವ ದಾಖಲೆ, ಎಷ್ಟು ದಿನದವರೆಗೆ ಎಂಬುದು ಅದರಲ್ಲಿ ಇರುತ್ತದೆ. ಒಪ್ಪಬಹುದು, ನಿರಾಕರಿಸಬಹುದು, ಕೊಟ್ಟ ಒಪ್ಪಿಗೆಯನ್ನು ಆಮೇಲೆ ಹಿಂತೆಗೆದುಕೊಳ್ಳಲೂಬಹುದು. ಇದನ್ನು ಕಲಿಸಲು ನಾನು ಬಳಸುವ ನಿಯಮ ಒಂದೇ: ನೀವು ಆ ದವಾಖಾನೆಯಲ್ಲಿ ಕುಳಿತಿದ್ದೀರಾ, ಅಥವಾ ಇಂದು ಆ ವೈದ್ಯರೊಂದಿಗೆ ಮಾತಾಡಿದ್ದೀರಾ? ಹೌದಾದರೆ ಒಪ್ಪಿ, ಅಲ್ಲವಾದರೆ ಮುಟ್ಟದೆ ಬಿಟ್ಟು ಮನೆಯವರನ್ನು ಕೇಳಿ.

ರಿಪೋರ್ಟನ್ನು ಓದುವಾಗ

ರಿಪೋರ್ಟು ತೆರೆದ ಕೂಡಲೆ ಹಿರಿಯರ ಕಣ್ಣು ಹೋಗುವುದು ದಪ್ಪಕ್ಷರದಲ್ಲಿ ಅಥವಾ ಕೆಂಪಿನಲ್ಲಿರುವ ಸಂಖ್ಯೆಯ ಕಡೆಗೆ, ಮತ್ತು ಅದು ಭಯ ಹುಟ್ಟಿಸುತ್ತದೆ. ಪ್ರತಿ ಸಂಖ್ಯೆಯ ಪಕ್ಕದಲ್ಲಿ ಸಾಮಾನ್ಯ ಮಿತಿ ಕೊಟ್ಟಿರುತ್ತಾರೆ ಎಂದು ತೋರಿಸಿ, ಆದರೆ ಮಿತಿ ದಾಟಿದ ಮಾತ್ರಕ್ಕೆ ಅಪಾಯವೆಂದಲ್ಲ ಎಂದೂ ಹೇಳಿ. ಎಚ್‌ಬಿಎ1ಸಿ ಉದಾಹರಣೆಯನ್ನು ತೆಗೆದುಕೊಳ್ಳಿ: ಅದು ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತಿಳಿಸುತ್ತದೆ, 6.5 ಅಥವಾ ಹೆಚ್ಚಿದ್ದರೆ ಮಧುಮೇಹವೆಂದು ಪರಿಗಣಿಸುತ್ತಾರೆ. ಆದರೆ ಈಗಾಗಲೇ ಮಧುಮೇಹವಿರುವ ಎಂಬತ್ತರ ಹಿರಿಯರಿಗೆ ಸಕ್ಕರೆ ತೀರ ಇಳಿಯುವುದೇ ಹೆಚ್ಚು ಅಪಾಯವಾದ್ದರಿಂದ ವೈದ್ಯರು ಸಡಿಲವಾದ ಗುರಿ ಇಡಬಹುದು. ಹೀಗಾಗಿ ಅದೇ 7.5 ಒಬ್ಬರಿಗೆ ಹೆಚ್ಚು, ಇನ್ನೊಬ್ಬರಿಗೆ ತಕ್ಕದ್ದು. ಸಂಖ್ಯೆ ನೋಡಿ ತಾವಾಗಿ ಗುಳಿಗೆ ಹೆಚ್ಚಿಸುವುದು, ಬಿಡುವುದು ಕೂಡದು. ಸಂಖ್ಯೆಯನ್ನು ಬರೆದುಕೊಂಡು, ಹೋದ ಸಲದ್ದರ ಪಕ್ಕದಲ್ಲಿ ಇಟ್ಟು, ವೈದ್ಯರನ್ನು ಏನು ಕೇಳಬೇಕು ಎಂದು ಒಂದು ಸಾಲು ಬರೆದುಕೊಳ್ಳಲು ಕಲಿಸಿ. ನನ್ನ ತಾಯಿ ಈಗ ಪ್ರತಿ ಭೇಟಿಗೂ ಅಂಥ ಒಂದು ಸಾಲು ಹಿಡಿದುಕೊಂಡೇ ಹೋಗುತ್ತಾರೆ, ಮತ್ತು ವೈದ್ಯರು ಅವರೊಂದಿಗೆ, ನನ್ನೊಂದಿಗಲ್ಲ, ಮಾತಾಡುತ್ತಾರೆ.

ಮೋಸದ ಕರೆಗಳು

ಆರೋಗ್ಯ ಕಾರ್ಡಿನ ಹೆಸರು ಹೇಳಿ ಒಟಿಪಿ ಕೇಳುವ ಕರೆಗಳು, ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಕಡತ ಕಳಿಸಿ ಆ್ಯಪ್ ಹಾಕಿಸುವವರು ಹಿರಿಯರನ್ನೇ ಗುರಿ ಮಾಡುತ್ತಾರೆ. ಕರೆ ಮಾಡಿದವರಿಗೆ ಒಟಿಪಿ ಹೇಳುವ ಪ್ರಸಂಗವೇ ಇಲ್ಲ, ತಾವೇ ಆ್ಯಪ್‌ನಲ್ಲಿ ಒತ್ತುವಾಗ ಅಥವಾ ತಾವು ಹೋಗಿ ನಿಂತ ಕಿಟಕಿಯಲ್ಲಿ ಕೇಳಿದಾಗ ಮಾತ್ರ ಅದರ ಕೆಲಸ ಎಂಬುದನ್ನು ಮತ್ತೆ ಮತ್ತೆ ಹೇಳಿ. ಪ್ಲೇ ಸ್ಟೋರ್ ಬಿಟ್ಟು ಬೇರೆಡೆಯಿಂದ ಆ್ಯಪ್ ಹಾಕಬಾರದು. ಪುಣೆಯಿಂದ ಮಗ ವಿಡಿಯೊ ಕರೆಯಲ್ಲಿ ಪರದೆ ಹಂಚಿಕೊಂಡು ಕಲಿಸುವುದಾದರೆ, ಆ ಕರೆಯನ್ನು ಹಿರಿಯರೇ ಮಗನ ಸಂಖ್ಯೆಗೆ ಮಾಡಲಿ. ಪರದೆ ಹಂಚಿಕೊಂಡಿರುವಾಗ ಬಂದ ಒಟಿಪಿ ಆ ಕಡೆಯವರಿಗೂ ಕಾಣುತ್ತದೆ. ಹಣ ಹೋದರೆ ತಡ ಮಾಡದೆ 1930ಕ್ಕೆ ಕರೆ ಮಾಡಬೇಕು. ಆಭಾ ಬಗ್ಗೆ ಸಂಶಯವಿದ್ದರೆ 14477, ಆರೋಗ್ಯದ ಸಲಹೆಗೆ ನಮ್ಮ ರಾಜ್ಯದ 104 ಇವೆ. ಈ ಮೂರೂ ಸಂಖ್ಯೆಗಳನ್ನು ಫೋನಿನಲ್ಲಿ ಹೆಸರು ಹಾಕಿ ಉಳಿಸಿಡಿ, ಹೆಜ್ಜೆಗಳ ಹಾಳೆಯ ಹಿಂಬದಿಯಲ್ಲಿಯೂ ಬರೆದಿಡಿ.

ಕಲಿಯಲು ಒಪ್ಪದವರು

ಕೆಲವರು ಬೇಡ ಎನ್ನುತ್ತಾರೆ. ಎರಡು ಬಾರಿ ಕೇಳಿ, ಮೂರನೆಯ ಬಾರಿ ಒತ್ತಾಯಿಸಬೇಡಿ. ಅವರ ಪರವಾಗಿ ಖಾತೆ ನೋಡುವವರು ಯಾರೆಂದು ಅವರ ಬಾಯಿಂದಲೇ ಕೇಳಿ ತಿಳಿದು, ಆ ವ್ಯಕ್ತಿಗೆ ಮೇಲಿನದ್ದನ್ನೆಲ್ಲ ಕಲಿಸಿ. ಹಿರಿಯರ ಜೇಬಿನಲ್ಲಿ ಅಥವಾ ಎಲೆ ಅಡಿಕೆಯ ಚೀಲದಲ್ಲಿ ಇರುವಂತೆ ಅಂಗೈಯಗಲದ ಕಾರ್ಡೊಂದನ್ನು ಮಾಡಿಕೊಡಿ: ಹೆಸರು, ಆಭಾ ಸಂಖ್ಯೆ, ಇರುವ ಕಾಯಿಲೆಗಳು, ನುಂಗುವ ಗುಳಿಗೆಗಳು, ಒಗ್ಗದ ಔಷಧ, ಮನೆಯವರ ಫೋನು. ಗುಳಿಗೆ ಬದಲಾದಾಗಲೆಲ್ಲ ಆ ಕಾರ್ಡನ್ನು ಹೊಸದಾಗಿ ಬರೆದು, ಹಳೆಯದನ್ನು ಅವರ ಎದುರಿನಲ್ಲಿಯೇ ಹರಿದುಹಾಕಿ, ಕೆಳಗೆ ಅಂದಿನ ದಿನಾಂಕ ಹಾಕಿಕೊಡಿ.